ಭ್ರಾತೃಹತ್ಯೆ: ಒಂದು ಪದದ ಪರಾಮರ್ಶೆ

'ಭ್ರಾತೃಹತ್ಯೆ' ಸಂಸ್ಕೃತದಿಂದ ಕನ್ನಡಕ್ಕೆ ಬಂದ ಸಮಾಸಪದ. ಭ್ರಾತೃ ಎಂದರೆ ಅಣ್ಣ ಅಥವಾ ತಮ್ಮ. ಹತ್ಯೆ ಎಂಬುದು 'ಹನ್' ಧಾತುವಿನಿಂದ ಹುಟ್ಟಿದ್ದು. ಲ್ಯಾಟಿನ್ನಿನ 'ಫ್ರಾತೆರ್', ಇಂಗ್ಲಿಷಿನ 'ಬ್ರದರ್' ಈ ಭ್ರಾತೃ ಶಬ್ದದ ಜ್ಞಾತಿಗಳೇ. ಇದಕ್ಕೆ ಪರ್ಯಾಯವಾಗಿ 'ಸೋದರಹತ್ಯೆ' ಎಂದು ಬರೆಯುವುದು ರೂಢಿ. ಆದರೆ ಎರಡಕ್ಕೂ ಅಂತರವಿದೆ. ಸೋದರನೆಂದರೆ ಒಂದೇ ಉದರದಲ್ಲಿ ಜನಿಸಿದವನು, ಒಡಹುಟ್ಟಿದವನು. ಭರತನ ತಾಯಿ ಯಶಸ್ವತಿ; ಬಾಹುಬಲಿಯ ತಾಯಿ ಸುನಂದೆ. ವ್ಯುತ್ಪತ್ತಿಯಂತೆ ಅವರು ಭ್ರಾತೃಗಳೇ ಹೊರತು ಸೋದರರಲ್ಲ.

ಪದದ ಪೂರ್ಣಾರ್ಥಕ್ಕೆ ನಿದರ್ಶನ ಕಮಠ-ಮರುಭೂತಿಯರದು. ತಮ್ಮನ ಮಡದಿಯನ್ನು ಬಯಸಿ ದೇಶಭ್ರಷ್ಟನಾದ ಕಮಠ ತಪಸ್ವಿಯ ವೇಷ ತೊಟ್ಟ. ಅಣ್ಣನಲ್ಲಿ ಕ್ಷಮೆ ಕೋರಲು ಬಂದು ಪಾದಕ್ಕೆರಗಿದ ಮರುಭೂತಿಯ ಮೇಲೆ ಬಂಡೆ ಎತ್ತಿಹಾಕಿದ. ಆ ಮರುಭೂತಿಯ ಜೀವವೇ ಭವಾವಳಿಯ ಕೊನೆಯಲ್ಲಿ ಪಾರ್ಶ್ವನಾಥ ತೀರ್ಥಂಕರನಾಯಿತು. ಕಮಠನ ವೈರವೂ ಅಲ್ಲಿಯವರೆಗೆ ಬೆನ್ನಟ್ಟಿತು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿರುವ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಲ್ಲಿ ಕೈಮುಗಿಯುವವರು, ಅರಿತೋ ಅರಿಯದೆಯೋ, ಅಣ್ಣನಿಂದ ಹತನಾದ ಆ ಜೀವಕ್ಕೇ ನಮಿಸುತ್ತಾರೆ.

ಭರತನ ಪ್ರಸಂಗ ಇನ್ನೂ ಸೂಕ್ಷ್ಮ. ಪಂಪನ ಆದಿಪುರಾಣದಲ್ಲಿ (ಕ್ರಿ.ಶ. 941) ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಸೋತ ಚಕ್ರವರ್ತಿ ತಮ್ಮನ ಮೇಲೆ ಚಕ್ರವನ್ನೇ ಪ್ರಯೋಗಿಸುತ್ತಾನೆ. ಅದು ಬಾಹುಬಲಿಯನ್ನು ಬಲಗೊಂಡು ನಿಲ್ಲುತ್ತದೆ. ಹದಿನಾರನೆಯ ಶತಮಾನದ ರತ್ನಾಕರವರ್ಣಿಯು ಭರತೇಶ ವೈಭವದಲ್ಲಿ ಯುದ್ಧವನ್ನೇ ಮಾತಿನ ಸೌಜನ್ಯಕ್ಕೆ ತಿರುಗಿಸಿದ. ಅದು ನಾಯಕನ ಮೇಲಿನ ಪ್ರೀತಿ. ಆದರೆ ನೀತಿಯ ದೃಷ್ಟಿಯಿಂದ ಪಂಪನ ಮಾರ್ಗವೇ ಹಿರಿದು. ಪಂಪ ಅಣ್ಣನ ತಪ್ಪನ್ನು ಮುಚ್ಚಿಡುವುದಿಲ್ಲ.

ಪ್ರವಚನಗಳಲ್ಲಿ ಚಕ್ರ ನಿಂತದ್ದನ್ನು ಅತಿಶಯವೆಂದು ಕೊಂಡಾಡಿ, ಅದನ್ನು ಬಿಟ್ಟ ಕೈಯನ್ನು ಮರೆಯುವುದುಂಟು. ಬಾಹುಬಲಿ ಬದುಕಿದ, ಹಾಗಾಗಿ ಹತ್ಯೆ ನಡೆಯಲಿಲ್ಲ ಎಂಬುದು ನಿಘಂಟಿನ ತೀರ್ಪು. ಜಿನಶಾಸನದ ತೀರ್ಪು ಬೇರೆ. ಕಷಾಯವಶನಾದವನು ಕೊಲ್ಲಲು ಸಂಕಲ್ಪಿಸಿದ ಕ್ಷಣದಲ್ಲೇ ಭಾವಹಿಂಸೆ ಸಂಭವಿಸಿತು. 'ಹತ್ಯೆ' ಎಂಬ ಪದ ಮುಗಿದ ಕೃತ್ಯವನ್ನಷ್ಟೇ ಹೆಸರಿಸುತ್ತದೆ. ಅದಕ್ಕೆ ಮೊದಲಿನ ಮನಸ್ಸನ್ನು ಹೆಸರಿಸಲಾರದು. ಈ ಪದದ ಕೊರತೆ ಇರುವುದು ಇಲ್ಲಿಯೇ.

ಗಡಿಗಲ್ಲಿಗಾಗಿ, ಆಡಳಿತದ ಅಧಿಕಾರಕ್ಕಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಬಸದಿಯಲ್ಲಿ ಅಭಿಷೇಕಕ್ಕೆ ನಿಲ್ಲುವುದು ಅಪರೂಪವಲ್ಲ. ಅವರ ಕೈಗೆ ನೆತ್ತರು ಅಂಟಿಲ್ಲ ನಿಜ. ಮರುಭೂತಿಯಂತೆ ಮೊದಲು ಹೋಗಿ ಕ್ಷಮೆ ಬೇಡುವವರು ಯಾರು ಎಂಬುದೇ ಕ್ಷಮಾವಣಿಯ ದಿನ ಅವರ ಮುಂದಿರುವ ಪ್ರಶ್ನೆ.