ಹುಟ್ಟಿಸಿದ ದೇವರು, ಹುಟ್ಟಿದ ಮಗ

ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎಂದು ನಮ್ಮಲ್ಲಿ ಒಂದು ಮಾತಿದೆ. ಇಲ್ಲಿ ‘ಹುಟ್ಟಿಸಿದ’ ಎಂದರೆ ಹೆತ್ತ ಎಂದೋ, ಉಂಟುಮಾಡಿದ ಎಂದೋ? ಕನ್ನಡಿಗರು ಯಾರೂ ನಿಂತು ಕೇಳುವುದಿಲ್ಲ, ಕೇಳುವ ಅಗತ್ಯವೂ ಬಿದ್ದಿಲ್ಲ. ಕ್ರಿ.ಶ. 325ರಲ್ಲಿ ಈಗಿನ ತುರ್ಕಿಯ ನೈಸಿಯಾದಲ್ಲಿ ಸೇರಿದ ಬಿಷಪರು ನಿಂತು ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. ಅಲೆಕ್ಸಾಂಡ್ರಿಯಾದ ಏರಿಯಸ್ ಎಂಬ ಪಾದ್ರಿ ಕ್ರಿಸ್ತನನ್ನು ದೇವರ ಮಗ ಎಂದು ಒಪ್ಪಿದ್ದ. ಆದರೆ ಮಗ ಎಂದಮೇಲೆ ತಂದೆಗಿಂತ ಈಚಿನವನು, ಅವನಿಗೂ ಒಂದು ಮೊದಲು ಇರಲೇಬೇಕು, ಎಷ್ಟೇ ದೊಡ್ಡವನಾದರೂ ಅವನು ಸೃಷ್ಟಿಯ ಸಾಲಿಗೆ ಸೇರಿದವನು ಎಂದು ವಾದಿಸಿದ. ಮಗ ಹುಟ್ಟಿದವನು ನಿಜ, ಉಂಟುಮಾಡಲ್ಪಟ್ಟವನಲ್ಲ ಎಂದು ಸಭೆ ತೀರ್ಪು ಕೊಟ್ಟಿತು.

ಆ ತೀರ್ಪಿಗೆ 2025ರಲ್ಲಿ 1700 ವರ್ಷ ತುಂಬಿತು. ಅದನ್ನು ಕನ್ನಡದಲ್ಲಿ ಓದಿ ನೋಡಲು ಸಿಕಂದರಾಬಾದ್ ಒಳ್ಳೆಯ ಜಾಗ. ದಂಡಿನ ಊರಾಗಿದ್ದ ಇಲ್ಲಿನ ಚರ್ಚುಗಳಲ್ಲಿ ಭಾನುವಾರ ತೆಲುಗು, ತಮಿಳು, ಇಂಗ್ಲಿಷ್ ಕಿವಿಗೆ ಬೀಳುತ್ತವೆ. ಬೀದಿಗೆ ಬಂದರೆ ಉರ್ದು. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದವರಿಗೆ ಇವಷ್ಟೂ ಅರ್ಧಂಬರ್ಧ ಪರಿಚಿತ. ಯೋಹಾನನ ಸುವಾರ್ತೆಯ ಮೊದಲ ಸಾಲಿನಲ್ಲಿರುವ ‘ಲೋಗೊಸ್’ ಎಂಬ ಗ್ರೀಕ್ ಪದವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಅದು ‘ವಾಕ್ಯ’, ತೆಲುಗಿನಲ್ಲಿ ‘ವಾಕ್ಯಮು’, ಉರ್ದುವಿನಲ್ಲಿ ‘ಕಲಾಮ್’, ತಮಿಳಿನಲ್ಲಿ ‘ವಾರ್ತ್ತೈ’. ಕೊನೆಯದನ್ನು ಕೇಳಿದ ಕನ್ನಡಿಗನಿಗೆ ಆಕಾಶವಾಣಿಯ ವಾರ್ತೆ ನೆನಪಾದರೆ ತಪ್ಪೇನಿಲ್ಲ. ನಮ್ಮ ‘ವಾಕ್ಯ’ವೂ ಶಾಲೆಯ ವ್ಯಾಕರಣದಿಂದ ಎದ್ದು ಬಂದಂತಿದೆ. ಮಾತು, ಅರ್ಥ, ವಿವೇಕ, ಲೆಕ್ಕ ಎಲ್ಲವನ್ನೂ ಹೊತ್ತಿದ್ದ ಗ್ರೀಕ್ ಪದಕ್ಕೆ ಕರ್ತೃ-ಕರ್ಮ-ಕ್ರಿಯಾಪದದ ಅಂಗಿ ಸ್ವಲ್ಪ ಬಿಗಿ. ಹನ್ನೆರಡನೆಯ ಶತಮಾನದಿಂದ ‘ವಚನ’ ಎಂಬ ಪದವನ್ನು ಇಷ್ಟು ಎತ್ತರದಲ್ಲಿಟ್ಟ ಭಾಷೆಯಲ್ಲಿ ಅನುವಾದಕರು ಅದರತ್ತ ಹೋಗದಿರುವುದು ಅಚ್ಚರಿಯೇ. ಬಹುಶಃ ಆ ಎತ್ತರವೇ ಅವರನ್ನು ಹೆದರಿಸಿರಬೇಕು.

‘ಕಲಾಮ್’ ಮಾತ್ರ ಬೇರೆಯೇ ಒಂದು ಜಗಳವನ್ನು ಎಬ್ಬಿಸುತ್ತದೆ. ದೇವರ ಮಾತು ಸೃಷ್ಟಿಯಾದದ್ದೋ, ಅನಾದಿಯೋ ಎಂಬ ಪ್ರಶ್ನೆ ಖುರಾನಿನ ವಿಷಯವಾಗಿ ಬಾಗ್ದಾದಿನಲ್ಲೂ ಎದ್ದಿತು. 833ರಲ್ಲಿ ಖಲೀಫ ಅಲ್-ಮಾಮೂನ್ ‘ಸೃಷ್ಟಿಯಾದದ್ದು’ ಎಂದು ಒಪ್ಪಿಕೊಳ್ಳುವಂತೆ ವಿದ್ವಾಂಸರನ್ನು ವಿಚಾರಣೆಗೆ ಒಳಪಡಿಸಿದ. ಅಹ್ಮದ್ ಇಬ್ನ್ ಹಂಬಲ್ ಒಪ್ಪದೆ ಸೆರೆ ಸೇರಿದ. ನೈಸಿಯಾದ ಪ್ರಶ್ನೆ ಐನೂರು ವರ್ಷಗಳ ನಂತರ ಇನ್ನೊಂದು ಧರ್ಮದಲ್ಲಿ, ಇನ್ನೊಂದು ಭಾಷೆಯಲ್ಲಿ ಮತ್ತೆ ಬಾಗಿಲು ತಟ್ಟಿತ್ತು. ಹೈದರಾಬಾದಿನಂಥ ಊರಿನಲ್ಲಿ ‘ಕಲಾಮ್’ ಎಂದು ಓದುವ ಕ್ರೈಸ್ತನ ನಾಲಗೆಯ ಮೇಲೆ, ಅವನಿಗೆ ಗೊತ್ತಿರಲಿ ಬಿಡಲಿ, ಎರಡೂ ಚರಿತ್ರೆಗಳಿವೆ.

ಕನ್ನಡದ ‘ವಾಕ್ಯ’ಕ್ಕೆ ಇನ್ನೊಂದು ತೊಡಕುಂಟು. ಗ್ರೀಕಿನಲ್ಲಿ ಲೋಗೊಸ್ ವ್ಯಾಕರಣದ ಪ್ರಕಾರ ಪುಲ್ಲಿಂಗ. ಮಾತು ಎಂಬಲ್ಲಿಂದ ಆತ ಎಂಬಲ್ಲಿಗೆ ದಾಟುವುದು ಓದುಗನಿಗೆ ತಿಳಿಯುವುದೇ ಇಲ್ಲ. ಕನ್ನಡದಲ್ಲಿ ವಾಕ್ಯ ನಪುಂಸಕ. ಅದು ‘ಇತ್ತು’ ಎನ್ನಬೇಕು. ಮುಂದೆ ಎಲ್ಲೋ ಒಂದು ಕಡೆ ‘ಇದ್ದನು’ ಎಂದು ತಿರುಗಲೇಬೇಕು. ದೇವರ ಮಾತು ಯಾವಾಗಿನಿಂದ ಒಬ್ಬ ‘ಆತ’? ಆರಂಭದ ಚರ್ಚು ಈ ಪ್ರಶ್ನೆಯನ್ನು ಎರಡು-ಮೂರು ಶತಮಾನ ಜಗ್ಗಾಡಿತು. ನಮ್ಮ ಕ್ರಿಯಾಪದದ ಬಾಲ ಅದನ್ನು ಒಂದೆರಡು ಸಾಲಿನಲ್ಲಿ ತೀರ್ಮಾನಿಸಿಬಿಡುತ್ತದೆ, ತೀರ್ಮಾನಿಸದೆ ಮುಂದೆ ಹೋಗಲು ಬಿಡುವುದೂ ಇಲ್ಲ. ಭಾಷೆ ಕೆಲವೊಮ್ಮೆ ಒಲಿಯುವುದೂ ಉಂಟು. ‘ದೇವರು’ ರೂಪದಲ್ಲಿ ಬಹುವಚನ. ಆದರೂ ಕನ್ನಡ ಆದಿಕಾಂಡದಲ್ಲಿ ಅದರ ಕ್ರಿಯಾಪದ ಏಕವಚನ. ಹೀಬ್ರೂವಿನ ‘ಎಲೊಹಿಮ್’ ಕೂಡ ಅಲ್ಲಿ ಹೀಗೆಯೇ ನಡೆದುಕೊಳ್ಳುತ್ತದೆ. ಇದನ್ನೇ ತ್ರಿತ್ವಕ್ಕೆ ಪುರಾವೆ ಎನ್ನುವವರನ್ನು ನಂಬಬೇಡಿ, ಇದು ಗೌರವದ ‘ರು’ ಅಷ್ಟೇ.

ಈಗ ಹುಟ್ಟಿನ ಮಾತು. ಇಂಗ್ಲಿಷಿನಲ್ಲಿ ಓದಿದವರಿಗೆ ಒಂದು ‘ಅಯೋಟಾ’ ಅಕ್ಷರಕ್ಕಾಗಿ ನಡೆದ ಜಗಳ ಗೊತ್ತಿರುತ್ತದೆ. ಅದಕ್ಕಿಂತ ನನಗೆ ರುಚಿಸುವುದು ಇನ್ನೊಂದು ಅಕ್ಷರದ ಕತೆ. ಗ್ರೀಕಿನಲ್ಲಿ ‘ಗೆನ್ನೆತೋಸ್’ ಎಂದರೆ ಹೆತ್ತದ್ದು, ‘ಗೆನೆತೋಸ್’ ಎಂದರೆ ಆದದ್ದು, ಉಂಟಾದದ್ದು. ನಡುವೆ ಇರುವುದು ಒಂದು ಒತ್ತಕ್ಷರ. ಆ ಕಾಲದವರು ಎರಡನ್ನೂ ಒಂದರ ಬದಲಿಗೆ ಇನ್ನೊಂದಾಗಿ ಬಳಸುತ್ತಿದ್ದರು. ಜಗಳ ಬಲಿತಮೇಲೆ ಒತ್ತಿಗೆ ಬೆಲೆ ಬಂತು. ಇನ್ನೂ ಹಿಂದೆ ಹೋದರೆ ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ ಜ್ಞಾನವು ತನ್ನ ಮೂಲವನ್ನು ಹೇಳಿಕೊಳ್ಳುವ ಜಾಗವಿದೆ. ಅಲ್ಲಿನ ಹೀಬ್ರೂ ಧಾತು ‘ಕಾನಾ’: ಪಡೆ, ಹೆರು, ಉಂಟುಮಾಡು, ಮೂರೂ ಹೌದು. ಹಳೆಯ ಗ್ರೀಕ್ ಅನುವಾದಕರು ಅದಕ್ಕೆ ‘ಸೃಷ್ಟಿಸಿದ’ ಎಂಬ ಅರ್ಥವನ್ನೇ ಕೊಟ್ಟರು. ಆ ಜ್ಞಾನವೇ ಕ್ರಿಸ್ತ ಎಂದು ಎರಡೂ ಪಕ್ಷದವರು ಓದುತ್ತಿದ್ದರಿಂದ ಏರಿಯಸ್‌ನ ಕಡೆಯವರಿಗೆ ಬಲವಾದ ಆಧಾರ ಸಿಕ್ಕಿತು, ಎದುರಾಳಿ ಅಥನೇಷಿಯಸ್ ಆ ಒಂದು ಪದವನ್ನು ಬಿಡಿಸಲು ಪುಟಗಟ್ಟಲೆ ಬರೆಯಬೇಕಾಯಿತು. ಅನುವಾದಕ ಆಡಿದ ಒಂದು ಮಾತು ಸಾಮ್ರಾಜ್ಯದ ತಲೆನೋವಾಯಿತು. ಆ ಹೀಬ್ರೂ ಪದಕ್ಕೆ ಸರಿಸಾಟಿ ಯಾವುದು ಎಂದು ಕೇಳಿದರೆ ನಾನು ನಮ್ಮ ‘ಹುಟ್ಟಿಸು’ ಎನ್ನುತ್ತೇನೆ.

‘ಊಸಿಯಾ’ದ ಕತೆಯೂ ಇಂಥದ್ದೇ. ಮಗನು ತಂದೆಯೊಡನೆ ಒಂದೇ ಊಸಿಯಾ ಉಳ್ಳವನು, ಹೊಮೂಸಿಯೊಸ್, ಎಂದಿತು ನೈಸಿಯಾ. ತತ್ತ್ವಜ್ಞಾನದ ಭಾರೀ ಪದ ಎಂದು ನಾವು ಬಗ್ಗಿ ನಡೆಯುತ್ತೇವೆ. ಹೊಸ ಒಡಂಬಡಿಕೆಯಲ್ಲಿ ಅದು ಕಾಣಿಸಿಕೊಳ್ಳುವುದು ಲೂಕನ ಒಂದೇ ಕತೆಯಲ್ಲಿ: ಕಿರಿಯ ಮಗ ತಂದೆಯ ಹತ್ತಿರ ಪಾಲು ಕೇಳುವಾಗ, ಆ ಪಾಲನ್ನು ಕರಗಿಸುವಾಗ. ಊಸಿಯಾ ಎಂದರೆ ಅಲ್ಲಿ ಆಸ್ತಿ. ಕನ್ನಡ, ತೆಲುಗು ಎರಡೂ ಬೈಬಲುಗಳಲ್ಲಿ ಪಾಲು ಕೇಳುವ ಮಗನ ಬಾಯಲ್ಲಿರುವುದೂ ‘ಆಸ್ತಿ’ಯೇ. ‘ಇರು’ ಎಂಬ ಕ್ರಿಯೆಯಿಂದ ಹೊರಟ ಗ್ರೀಕ್ ಪದ ಇರವಿಗೂ ಆಯಿತು, ಹೊಲಮನೆಗೂ ಆಯಿತು. ನಮ್ಮಲ್ಲೂ ‘ಅಸ್ತಿ’ ಎಂಬ ಮೂಲದಿಂದ ಒಂದು ಕಡೆ ಅಸ್ತಿತ್ವ, ಇನ್ನೊಂದು ಕಡೆ ಆಸ್ತಿ. ತಂದೆಗೂ ಮಗನಿಗೂ ಆಸ್ತಿ ಒಂದೇ, ಪಾಲಾಗಿಲ್ಲ ಎಂದರೆ ಅವಿಭಕ್ತ ಕುಟುಂಬ ಕಂಡ ಯಾವ ಕನ್ನಡಿಗನಿಗೆ ತಿಳಿಯುವುದಿಲ್ಲ? ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಗೊತ್ತು. ಆದರೆ ಏಕತತ್ವ, ಏಕಸ್ವರೂಪ ಎಂಬ ಪದಗಳಿಗಿಂತ ಇದರಲ್ಲಿ ವಾದಕ್ಕೆ ಎಡೆ ಹೆಚ್ಚು.

ನನ್ನ ತಕರಾರು ಇರುವುದು ಇಲ್ಲೇ. 380ರ ದಶಕದ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಿಲ್ಲರೆ ಕೊಡುವವನು, ರೊಟ್ಟಿ ಮಾರುವವನು, ಸ್ನಾನಗೃಹದ ಆಳು ಎಲ್ಲರೂ ತಂದೆ-ಮಗನ ತರ್ಕಕ್ಕೆ ಇಳಿಯುತ್ತಾರೆ ಎಂದು ನಿಸ್ಸಾದ ಗ್ರೆಗೊರಿ ಗೇಲಿ ಮಾಡಿದ್ದಾನೆ. ಮೊಂಡಾ ಮಾರ್ಕೆಟ್ಟಿನಲ್ಲಿ ಈರುಳ್ಳಿಯ ದರ ಕೇಳಿದರೆ ‘ಹುಟ್ಟಿದವನಿಗೆ ಮೊದಲಿಲ್ಲವೇ ಸಾರ್?’ ಎಂದು ಮರುಪ್ರಶ್ನೆ ಬಂದಂತೆ. ಗೇಲಿಯನ್ನು ಪಕ್ಕಕ್ಕಿಟ್ಟರೆ ಅಲ್ಲಿ ಕಾಣುವುದು ಪೇಟೆಯ ಜನ ತಮ್ಮದೇ ಪದಗಳಲ್ಲಿ ಧರ್ಮಸಿದ್ಧಾಂತವನ್ನು ಜಗ್ಗಾಡಿದ ದೃಶ್ಯ. ಕನ್ನಡದಲ್ಲಿ ಈ ಸಿದ್ಧಾಂತ ಬಂದದ್ದು ತೀರ್ಪಾಗಿ, ಜನನ, ಸೃಷ್ಟಿ, ತತ್ವ, ಸ್ವರೂಪ ಎಂದು ಸಂಸ್ಕೃತದ ಬಿಳಿ ಪಂಚೆ ಉಟ್ಟು. ಒಪ್ಪಿಸಲು ಚೆನ್ನ, ಜಗಳಕ್ಕೆ ಬಾರದು.

ಇದಕ್ಕೆ ವಿರುದ್ಧವಾದ ಮಾತನ್ನೂ ಕೇಳಬೇಕು. 359-60ರ ಹೊತ್ತಿಗೆ ಚಕ್ರವರ್ತಿಯ ಬೆಂಬಲವಿದ್ದ ಗುಂಪೊಂದು ಊಸಿಯಾ ಪದವನ್ನೇ ವಿಶ್ವಾಸಪ್ರಮಾಣದಿಂದ ತೆಗೆದುಹಾಕಿತು. ಕೊಟ್ಟ ಕಾರಣ: ಜನಕ್ಕೆ ಅರ್ಥವಾಗುವುದಿಲ್ಲ, ಬೈಬಲಿನಲ್ಲಿ ಈ ಅರ್ಥದಲ್ಲಿ ಇಲ್ಲ. ಸರಳತೆಯ ಹೆಸರಿನಲ್ಲಿ ಪ್ರಶ್ನೆಯನ್ನೇ ಮುಚ್ಚಿಹಾಕಿದ ಪ್ರಸಂಗ ಅದು. ಹಾಗಾಗಿ ಬರೀ ತಿಳಿಗನ್ನಡ ಮಾಡಿದರೆ ಆಯಿತು ಎಂದು ನಾನು ಹೇಳಲಾರೆ. ಯೋಹಾನನಲ್ಲಿ ಮಗನನ್ನು ತೆಲುಗು ‘ಅದ್ವಿತೀಯ ಕುಮಾರ’ ಎನ್ನುತ್ತದೆ, ಕನ್ನಡ ‘ಒಬ್ಬನೇ ಮಗ’ ಎನ್ನುತ್ತದೆ. ನಮ್ಮದು ಮನೆಮಾತು, ಕರುಳಿಗೆ ತಾಗುತ್ತದೆ. ತೆಲುಗಿನದು ಉಪನಿಷತ್ತಿನ ಕಡೆ ಒಂದು ಕಿಟಕಿ ತೆರೆದಿಟ್ಟಿದೆ. ಯಾವುದು ಮೇಲು ಎಂದು ಕೇಳಿದರೆ ಮನಸ್ಸು ಇನ್ನೂ ಹೊಯ್ದಾಡುತ್ತದೆ.

ಕನ್ನಡ ವಿಮರ್ಶೆ ಈ ಕಡೆ ತಲೆ ಹಾಕಿದ್ದು ಕಡಿಮೆ. ಕಿಟ್ಟೆಲ್ ಎಂದರೆ 1894ರ ನಿಘಂಟು, ಬಾಸೆಲ್ ಮಿಷನ್ ಎಂದರೆ ಮಂಗಳೂರಿನ ಅಚ್ಚುಕೂಟ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಎಂದರೆ ಮೊದಲ ಬೈಬಲ್ ಅನುವಾದ. ಸೇವೆಗೆ ಕೃತಜ್ಞತೆ ಸಲ್ಲಿಸಿ ಮುಂದೆ ಹೋಗುತ್ತೇವೆ. ಆ ಅನುವಾದಗಳನ್ನು ಒಂದು ವಿಚಾರ ಕನ್ನಡಕ್ಕೆ ಬಂದ ರೀತಿಯಾಗಿ ಓದುವುದಿಲ್ಲ. ಕ್ರಿಸ್ತನ ಕತೆಯನ್ನು ಕನ್ನಡ ಛಂದಸ್ಸಿಗೆ ತಂದ ಕಿಟ್ಟೆಲ್‌ನ ‘ಕಥಾಮಾಲೆ’ಯ ಹೆಸರು ಗೊತ್ತಿರುವವರೂ ಕಡಿಮೆ. ಏರಿಯಸ್ ತನ್ನ ವಾದವನ್ನು ‘ಥಾಲಿಯಾ’ ಎಂಬ ಪದ್ಯಕೃತಿಯಲ್ಲಿ ಕಟ್ಟಿದ್ದ, ಅದರ ಮಟ್ಟು ಹಗುರವೆಂದು ಅಥನೇಷಿಯಸ್ ಹಂಗಿಸಿದ್ದ ಎಂದು ತಿಳಿದಾಗ ಛಂದಸ್ಸಿಗೂ ಸಿದ್ಧಾಂತಕ್ಕೂ ಇರುವ ನಂಟು ನಮಗೂ ಸಂಬಂಧಿಸಿದ್ದು ಅನ್ನಿಸುತ್ತದೆ.

ಬೇಕಾದ ಪದಗಳು ಕನ್ನಡದಲ್ಲಿ ಇಲ್ಲದೇ ಇಲ್ಲ. ಆದಿಕಾಂಡದ ಮೊದಲ ಸಾಲಿಗೆ ಅನುವಾದಕರು ‘ಉಂಟುಮಾಡು’ ಎಂಬ ಅಚ್ಚಗನ್ನಡ ಕ್ರಿಯೆಯನ್ನು ಆರಿಸಿದರು. ಅದರ ಎದುರಿಗೆ ‘ಹೆರು’ ಎಂಬುದನ್ನು ಇಟ್ಟರೆ ನೈಸಿಯಾದ ಗೋಡೆ ಎದ್ದು ನಿಲ್ಲುತ್ತದೆ: ಹೆತ್ತದ್ದು, ಉಂಟುಮಾಡಿದ್ದಲ್ಲ. ಹೆರುವುದು ತಾಯಿಯ ಕೆಲಸವಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿ. 675ರಲ್ಲಿ ಸ್ಪೇನಿನ ಟೊಲೆಡೊದಲ್ಲಿ ಸೇರಿದ ಬಿಷಪರು ಮಗ ತಂದೆಯ ಬಸಿರಿನಿಂದ ಬಂದವನು ಎಂದು ಲ್ಯಾಟಿನ್‌ನಲ್ಲಿ ಬರೆದಿಟ್ಟಿದ್ದಾರೆ. ನಮ್ಮಲ್ಲಂತೂ ‘ಹೆತ್ತ ತಂದೆ’ ಎಂಬ ಮಾತು ಮೊದಲಿನಿಂದಲೂ ಇದೆ.