ತೆನೆಯ ಹಬ್ಬದಲ್ಲಿ ಕಬ್ಬಿನ ಗದ್ದಲ

ಕನ್ಯಾ ಮರಿಯಮ್ಮ ಹುಟ್ಟಿದ್ದು ಸೆಪ್ಟೆಂಬರ್ 8ರಂದು ಎನ್ನಲು ಬೈಬಲಿನಲ್ಲಿ ಆಧಾರವಿಲ್ಲ. ತಂದೆ ಜೋಕಿಮ್, ತಾಯಿ ಅನ್ನಮ್ಮ ಎಂಬ ಹೆಸರುಗಳೂ ಬಂದದ್ದು ಬೈಬಲಿನೊಳಗೆ ಜಾಗ ಸಿಗದ, ಎರಡನೇ ಶತಮಾನದ ಒಂದು ಗ್ರಂಥದಿಂದ. ಆದರೂ ಕಥೋಲಿಕ ಪಂಚಾಂಗದಲ್ಲಿ ಹುಟ್ಟಿದ ದಿನವೇ ಹಬ್ಬವಾಗುವ ಭಾಗ್ಯ ಯೇಸು, ಸ್ನಾನಿಕ ಯೋಹಾನ ಮತ್ತು ಮರಿಯಮ್ಮ, ಈ ಮೂವರಿಗೆ ಮಾತ್ರ. ಗ್ರಂಥದಲ್ಲಿ ಸಿಗದ ಆಧಾರವನ್ನು ಕರಾವಳಿಯ ಕೊಂಕಣಿ ಕಥೋಲಿಕರು ಗದ್ದೆಯಿಂದ ಕೊಯ್ದು ತಂದರು. ಅದೇ ಮೊಂತಿ ಫೆಸ್ತ್, ಊರವರ ಬಾಯಲ್ಲಿ ತೆನೆ ಹಬ್ಬ.

ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ, ಮೊಂತೆ ಮರಿಯಾನೊ ಇಗರ್ಜಿಯಲ್ಲಿ, ಗೋವಾದಿಂದ ಬಂದ ಪಾದ್ರಿ ಜೋಕಿಮ್ ಮಿರಾಂದಾ 1763ರಲ್ಲಿ ಇದನ್ನು ಆರಂಭಿಸಿದರೆಂದು ಹೇಳಿಕೆ. ಗೋವಾದಲ್ಲಿ ತೆನೆಯ ಹಬ್ಬಕ್ಕೆ ಬೇರೆಯೇ ದಿನವಿದೆ. ರಾಯ್ ಊರಿನಲ್ಲಿ ಆಗಸ್ಟ್ 5ಕ್ಕೇ ಮುಗಿದಿರುತ್ತದೆ. ಮಂಗಳೂರಿನವರು ತೆನೆಯನ್ನು ತಾಯಿಯ ಹುಟ್ಟುಹಬ್ಬಕ್ಕೆ ಸೇರಿಸಿಕೊಂಡರು. ನನಗಂತೂ ಈ ಹಬ್ಬದ ದೊಡ್ಡ ಸೊಗಸು ಇದೇ. ನೆರೆಯ ತುಳುವರು ಕದಿರು ಕಟ್ಟಿ, ಮನೆ ತುಂಬಿಸಿಕೊಂಡು, ಹೊಸಕ್ಕಿ ಊಟ ಮಾಡುವುದೂ ಇದೇ ಮಳೆಗಾಲದ ಕೊನೆಗೆ. ಯಾರಿಂದ ಯಾರು ಕಲಿತರೆಂಬ ಜಗಳ ಬೇಡ; ಮಳೆ ಒಂದೇ, ಗದ್ದೆಯ ಬದುವೂ ಒಂದೇ.

ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನ. ಮಕ್ಕಳು ತಟ್ಟೆಯಲ್ಲಿ ಹೂ ತಂದು ಬಾಲಮರಿಯಮ್ಮನ ಪುಟ್ಟ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿ ಹರಸಿದ ತೆನೆ ಮನೆಗೊಂದರಂತೆ ಸಿಗುತ್ತದೆ. ಆಮೇಲಿನದು ಇಗರ್ಜಿಯ ಕೈಯಲ್ಲಿಲ್ಲ. ಮನೆಯ ಹಿರಿಯರು, ಹೆಚ್ಚಿನ ಕಡೆ ಅಜ್ಜಿ, ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಬಳಿಕ ಬಾಳೆಲೆ ಊಟ. ಮೀನಿಲ್ಲದೆ ತುತ್ತಿಳಿಯದ ಮನೆಗಳಲ್ಲಿ ಅಂದು ಹಾಗಲ–ಅಂಬಟೆ, ಹರಿವೆ ದಂಟು, ಬೆಂಡೆ, ಕೆಸು, ಕಡೆಗೆ ವೊರ್ನ್ ಎಂಬ ಬೆಲ್ಲದ ಪಾಯಸ. ಪಲ್ಯಗಳ ಲೆಕ್ಕ ಬೆಸವಾಗಿರಬೇಕೆಂಬ ಹಟವೂ ಉಂಟು: ಐದು, ಏಳು, ಒಂಬತ್ತು. ಯಾಕೆಂದು ಕೇಳಿದರೆ ಅಜ್ಜಿಯ ಬಳಿ ಉತ್ತರವಿಲ್ಲ, ಪಾದ್ರಿಯ ಬಳಿಯೂ ಇಲ್ಲ. ಇರಬೇಕಿಲ್ಲ. ದೂರದ ಮಗ ಊಟಕ್ಕೆ ಬರಲಾರದಿದ್ದರೆ ಅವನ ಪಾಲಿನ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ. ಆ ಕಾಳು ತಿಂದವನು ಮನೆಯವನು ಎಂಬಷ್ಟು ಸರಳವಾದ ದೇವತಾಶಾಸ್ತ್ರ ನಮ್ಮ ಪ್ರವಚನಗಳಲ್ಲಿ ಕೇಳಲು ಸಿಗುವುದು ಅಪರೂಪ.

ನನಗೆ ಒಗ್ಗದಿರುವುದು ಕಬ್ಬು. ಹೂ ತಂದ ಮಕ್ಕಳ ಕೈಗೆ ಒಂದು ಕೋಲು ಕಬ್ಬು ಕೊಡುವುದು ಚಂದದ ರೂಢಿಯೇ. ಆದರೆ ಕಬ್ಬಿಗೆ ದುಡ್ಡು ಕೊಟ್ಟವರ ಹೆಸರು ಓದಿ, ಅವರನ್ನು ಮುಂದೆ ಕರೆದು, ಚಪ್ಪಾಳೆ ತಟ್ಟಿಸುವ ಹೊತ್ತಿಗೆ ಹಬ್ಬದ ನಡಿಗೆ ತಪ್ಪುತ್ತದೆ. ತೆನೆ ಸಿರಿವಂತನಿಗೂ ಒಂದೇ, ಬಡವನಿಗೂ ಒಂದೇ. ಮೈಕಿನಲ್ಲಿ ಕೇಳುವ ಹೆಸರುಗಳ ಪಟ್ಟಿ ಹಾಗಲ್ಲ. ತೆನೆ ಬೆಳೆದ ಗೇಣಿದಾರನ ಹೆಸರನ್ನು ಆ ಮೈಕಿನಲ್ಲಿ ಕೇಳಿದ ನೆನಪು ನನಗಿಲ್ಲ.

ಇನ್ನೊಂದು ಕೊರತೆಗೆ ಇಗರ್ಜಿಯನ್ನೊಂದೇ ದೂರಲಾಗದು. ಗದ್ದೆಗಳು ಅಡಿಕೆ ತೋಟವಾದವು, ಸೈಟುಗಳಾದವು, ಉಳಿದವು ಹಡಿಲು ಬಿದ್ದಿವೆ. ನಗರದ ಇಗರ್ಜಿಗೆ ತೆನೆ ಈಗ ದೂರದ ಊರಿನಿಂದ ವಾಹನದಲ್ಲಿ ಬರುತ್ತದೆ. ಹಬ್ಬದೂಟವನ್ನು ಕೇಟರಿಂಗ್‌ನವರು ಡಬ್ಬಿಯಲ್ಲಿ ತಂದಿಳಿಸುತ್ತಾರೆ, ಬೆಸ ಲೆಕ್ಕ ತಪ್ಪದಂತೆ. ಕೊಯ್ಲಿಲ್ಲದ ಊರಿಗೆ ಕೊಯ್ಲಿನ ಹಬ್ಬವೇಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಹಬ್ಬವಿಲ್ಲದಿದ್ದರೆ ಅಪಾರ್ಟ್‌ಮೆಂಟಿನ ಮಗು ತೆನೆಯನ್ನು ಮುಟ್ಟುವ ಒಂದು ದಿನವೂ ತಪ್ಪಿಹೋಗುತ್ತದೆ ಎಂಬುದು ನನ್ನ ಅರೆಮನಸ್ಸಿನ ಉತ್ತರ.

ಕೆಲವು ಇಗರ್ಜಿಗಳ ಯುವಕರು ಹಡಿಲು ಗದ್ದೆಗಿಳಿದು ನೇಜಿ ನೆಡುತ್ತಿದ್ದಾರೆ. ಕಬ್ಬಿನ ದುಡ್ಡು ಅತ್ತ ಹರಿದರೆ ಒಳ್ಳೆಯದು. ನೇಜಿಯ ದಿನ ಕೆಸರಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಬೇಕಾದಷ್ಟು ಜನ ಸೇರುತ್ತಾರೆ. ಕಳೆ ಕೀಳುವ ದಿನ ಎಷ್ಟು ಮಂದಿ ಬರುತ್ತಾರೆಂದು ಪಾದ್ರಿಗಳು ಒಮ್ಮೆ ಗದ್ದೆಗೆ ಹೋಗಿ ನೋಡಿ, ಬೇಕಿದ್ದರೆ ಆ ಹೆಸರುಗಳನ್ನು ಮೈಕಿನಲ್ಲಿ ಓದಲಿ.