ಪ್ರತ್ಯೇಕ ರಾಜ್ಯದ ಕೂಗು: ಒಂದು ವಿಮರ್ಶೆ

ಪ್ರತ್ಯೇಕ ರಾಜ್ಯದ ಬೇಡಿಕೆಯನ್ನು ದ್ರೋಹವೆನ್ನುವವರು ಸಂವಿಧಾನದ 3ನೆಯ ವಿಧಿಯನ್ನು ಮರೆತಿರುತ್ತಾರೆ. ಅದನ್ನು ರಾಜಕಾರಣಿಗಳ ವಿನೋದವೆಂದು ನಗುವವರು ನಂಜುಂಡಪ್ಪ ಸಮಿತಿಯ 2002ರ ವರದಿಯನ್ನು ಓದಿರಲಾರರು. ಅತ್ಯಂತ ಹಿಂದುಳಿದವೆಂದು ಆ ವರದಿಯು ಗುರುತಿಸಿದ 39 ತಾಲ್ಲೂಕುಗಳಲ್ಲಿ 26 ಉತ್ತರ ಕರ್ನಾಟಕದವು. (ಉಳಿದ 13 ದಕ್ಷಿಣದವೆಂಬುದನ್ನು ಪ್ರತ್ಯೇಕವಾದಿಗಳು ಹೇಳುವುದು ವಿರಳ.)

ಹುಕ್ಕೇರಿಯ ಶಾಸಕರಾಗಿದ್ದ ದಿವಂಗತ ಉಮೇಶ ಕತ್ತಿಯವರು ಈ ಕೂಗನ್ನು ಹಲವು ಸಲ ಎತ್ತಿದರು. 2022ರಲ್ಲಿ, ಸಚಿವ ಪದವಿಯಲ್ಲಿದ್ದಾಗಲೂ, ಬಿಡಲಿಲ್ಲ. ಆದರೆ ಅವರ ಗೆಲುವುಗಳನ್ನು ಪ್ರತ್ಯೇಕ ರಾಜ್ಯಕ್ಕೆ ದೊರೆತ ಜನಮತವೆಂದೆಣಿಸುವುದು ಸಮಂಜಸವಲ್ಲ. ಅವರು ಗೆದ್ದುದು ಬೇರೆ ಬೇರೆ ಪಕ್ಷಗಳಿಂದ. ಆ ಪಕ್ಷಗಳಲ್ಲಿ ಯಾವುದೂ ಪ್ರತ್ಯೇಕ ರಾಜ್ಯವನ್ನು ತನ್ನ ಧ್ಯೇಯವಾಗಿ ಅಂಗೀಕರಿಸಿರಲಿಲ್ಲ.

ನೆರೆಯ ಗೋಕಾಕದ ಬೇಡಿಕೆ ಇದಕ್ಕಿಂತ ಚಿಕ್ಕದು. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಗಂಭೀರವಾದುದೂ ಹೌದು. ಅದು ಕೇಳಿದುದು ಜಿಲ್ಲೆಯನ್ನು. 1997ರಲ್ಲಿ ಜೆ. ಎಚ್. ಪಟೇಲರ ಸರಕಾರವು ಗೋಕಾಕ, ಚಿಕ್ಕೋಡಿ ಜಿಲ್ಲೆಗಳನ್ನು ಘೋಷಿಸಿ, ಬಳಿಕ ಹಿಂತೆಗೆದುಕೊಂಡಿತು. ಬೆಳಗಾವಿ ಜಿಲ್ಲೆಯನ್ನು ಒಡೆದರೆ ಗಡಿವಿವಾದದಲ್ಲಿ ಮಹಾರಾಷ್ಟ್ರದ ವಾದಕ್ಕೆ ಬಲ ಬಂದೀತೆಂಬ ಭಯ ಕನ್ನಡಪರರಲ್ಲಿತ್ತು. ಅಖಂಡತೆಯ ಬೆಲೆಯನ್ನು ಅಂದು ತೆತ್ತವರು ಜಿಲ್ಲಾ ಕಚೇರಿಗೆ ದೂರ ನಡೆಯಬೇಕಾದ ಹಳ್ಳಿಗರು. ಮುಂದೆ ಮೂಡಲಗಿಯು ಗೋಕಾಕದಿಂದ ಬೇರ್ಪಟ್ಟು ತಾಲ್ಲೂಕಾದಾಗ ಯಾವ ಅಖಂಡತೆಗೂ ಭಂಗ ಬರಲಿಲ್ಲ. ತಹಸೀಲ್ದಾರರ ಕಚೇರಿ ಹತ್ತಿರವಾಯಿತು, ಅಷ್ಟೆ.